ಎಲ್ಲ ತೂತು ಮುಚ್ಚಿದಾಗ ಯಾವ ಸ್ವರ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮಕ್ಕಳಿಗೆ ಮೊದಲ ವಾದ್ಯ ಕೊಡಿಸುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಇಲ್ಲಿ ಗಾಲ್ವೇಯಲ್ಲಿ ಕೂತು ಓದಿದೆ. ಗಾಲ್ವೇ ಐರ್ಲೆಂಡಿನ ಪಶ್ಚಿಮ ಕರಾವಳಿಯ ಊರು. ನಾವು ಧಾರವಾಡದವರು, ಇಲ್ಲಿಗೆ ಬಂದು ಒಂಬತ್ತು ವರ್ಷವಾಯಿತು. ಬರಹದ ಬಹುಪಾಲು ನನಗೆ ಒಪ್ಪಿಗೆ. ಆದರೆ ಕೊಳಲಾಗಲಿ ವಿಸಲ್ ಆಗಲಿ, ಕಲಿಯುವ ಮಕ್ಕಳಿಗೆ ಸಿ ಶ್ರುತಿಯದೇ ಸುಲಭ ಎಂದು ಅದರಲ್ಲಿದ್ದ ಒಂದು ಮಾತನ್ನು ಹಾಗೇ ಬಿಡಲು ಮನಸ್ಸು ಒಪ್ಪುತ್ತಿಲ್ಲ. ಅದೇ ಮಾತನ್ನು ನಂಬಿ ನಾನು ನನ್ನ ಮಗಳನ್ನು ಮೂರು ವಾರ ಸಂಗೀತದ ತರಗತಿಯಲ್ಲಿ ಮೂಕಿಯಾಗಿ ಕೂರಿಸಿದ್ದೇನೆ.

ಇಲ್ಲಿನ ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಕೈಗೆ ಮೊದಲು ಬರುವ ವಾದ್ಯ ಟಿನ್ ವಿಸಲ್. ಐರಿಷ್ ಭಾಷೆಯಲ್ಲಿ ಫ್ಯಾಡೋಗ್ ಸ್ಟಾನ್. ಒಂದು ಗೇಣಿಗಿಂತ ತುಸು ಉದ್ದದ ತಗಡಿನ ಕೊಳವೆ, ಆರು ತೂತು, ಮೇಲೊಂದು ಪ್ಲಾಸ್ಟಿಕ್ ಬಾಯಿ. ಹೆಬ್ಬೆರಳಿಗೆ ತೂತಿಲ್ಲ. ನಮ್ಮ ಬಾನ್ಸುರಿಯ ಹಾಗೆ ಅಡ್ಡ ಹಿಡಿದು ತುಟಿ ಹೊಂದಿಸುವ ಕಷ್ಟ ಇದಕ್ಕಿಲ್ಲ, ಊದಿದ ಕೂಡಲೇ ದನಿ ಬರುತ್ತದೆ. ಮಗಳು ಮೂರನೇ ತರಗತಿಗೆ ಹೋದಾಗ ಶಾಲೆಯಿಂದ ಚೀಟಿ ಬಂತು, ಮುಂದಿನ ವಾರದಿಂದ ಎಲ್ಲರೂ ಟಿನ್ ವಿಸಲ್ ತರಬೇಕು ಎಂದು. ಯಾವ ಶ್ರುತಿಯದು ಎಂದು ಚೀಟಿಯಲ್ಲಿರಲಿಲ್ಲ. ಇಲ್ಲಿಯವರಿಗೆ ಅದನ್ನು ಬರೆಯಬೇಕು ಎಂದೇ ಅನಿಸುವುದಿಲ್ಲ, ಅಷ್ಟು ರೂಢಿಯ ವಿಷಯ ಅದು.

ಅಂಗಡಿಯಲ್ಲಿ ವಿಸಲ್‌ಗಳ ಮೇಲೆ ಬಿ ಫ್ಲ್ಯಾಟ್, ಸಿ, ಡಿ, ಎಫ್, ಜಿ ಎಂದು ಅಂಟಿಸಿತ್ತು. ಹಾರ್ಮೋನಿಯಂ ಮುಂದೆ ಬೆಳೆದವಳಿಗೆ ಸಿ ಎಂದರೆ ಬಿಳಿ ಒಂದು, ಅಂದರೆ ಮೊದಲ ಬಿಳಿ ಮನೆ, ಎಲ್ಲದರ ಮೊದಲು. ಕೀಬೋರ್ಡ್ ಕ್ಲಾಸಿನಲ್ಲೂ ಸರಿಗಮ ಅಲ್ಲಿಂದಲೇ ಶುರು. ಹೆಚ್ಚು ಯೋಚಿಸದೆ ಸಿ ತೆಗೆದುಕೊಂಡೆ.

ಮೂರನೇ ವಾರದ ಕೊನೆಗೆ ತಂದೆತಾಯಿಯರನ್ನು ತರಗತಿಗೆ ಕರೆದಿದ್ದರು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಆರೂ ಬೆರಳು ಮುಚ್ಚಿ ಒಟ್ಟಿಗೆ ಊದಿದರು. ನಾನು ಮಗಳ ಕೈ ನೋಡುತ್ತಿದ್ದೆ. ಬೆರಳುಗಳು ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ ಏಳುತ್ತ ಬೀಳುತ್ತ ಇದ್ದವು. ಆದರೆ ಕೆನ್ನೆ ಅಲುಗುತ್ತಿರಲಿಲ್ಲ. ವಿಸಲ್ ತುಟಿಗೆ ತಾಗಿಸಿಕೊಂಡು ಉಸಿರೇ ಬಿಡದೆ ಬೆರಳು ಮಾತ್ರ ಆಡಿಸುತ್ತಿದ್ದಳು. ಮನೆಗೆ ಬರುವ ದಾರಿಯಲ್ಲಿ ಕೇಳಿದೆ. "ನಾನು ಊದಿದರೆ ಎಲ್ಲರೂ ತಿರುಗಿ ನೋಡ್ತಾರೆ, ನಂದು ತಪ್ಪು ಸೌಂಡು ಬರುತ್ತೆ" ಅಂದಳು. ಮನೆಯಲ್ಲಿ ಅವಳ ವಿಸಲ್ ಇಸಿದುಕೊಂಡು ಊದಿದೆ. ಅವಳ ತಪ್ಪು ಒಂದಿಷ್ಟೂ ಇರಲಿಲ್ಲ. ತರಗತಿಯವರೆಲ್ಲ ಆರೂ ತೂತು ಮುಚ್ಚಿ ಡಿ ಹಿಡಿದಿದ್ದರು, ಸುಮಾರು 587 ಹರ್ಟ್ಸ್. ಇವಳ ವಿಸಲ್‌ನಲ್ಲಿ ಅದೇ ಬೆರಳಿಗೆ ಬರುತ್ತಿದ್ದುದು ಸಿ, 523. ಇಡೀ ಒಂದು ಸ್ವರ ಕೆಳಗೆ. ಎಂಟು ವರ್ಷದ ಹುಡುಗಿಗೆ ಅದು ಕಿವಿಗೆ ತಿಳಿದಿತ್ತು, ಬಾಯಲ್ಲಿ ಹೇಳಲು ಬಂದಿರಲಿಲ್ಲ. ಧಾರವಾಡದಲ್ಲಿ ಆರು ವರ್ಷ ಬಾನ್ಸುರಿ ಕಲಿತ ನಾನು ಅಂಗಡಿಯಲ್ಲಿ ಒಂದು ಮಾತು ವಿಚಾರಿಸಬಹುದಿತ್ತು. ಆ ನೋವು ಇನ್ನೂ ಇದೆ.

ಹಾಗಾದರೆ ಡಿ ಯಾಕೆ? ಈ ನಾಡಿನ ಜನಪದ ಸಂಗೀತ ಹೆಚ್ಚಾಗಿ ಡಿ ಮತ್ತು ಜಿ ಶ್ರುತಿಗಳಲ್ಲೂ ಅವುಗಳ ಸ್ವರಗಳಿಂದಲೇ ಹುಟ್ಟುವ ಇತರ ಸ್ವರಶ್ರೇಣಿಗಳಲ್ಲೂ ಓಡಾಡುತ್ತದೆ. ಪಿಟೀಲಿನ ನಾಲ್ಕು ತಂತಿಗಳು ಜಿ, ಡಿ, ಎ, ಇ. ಆ ಶ್ರುತಿಗಳು ಅದಕ್ಕೆ ಕೈಗೆಟುಕಿದಂತಿವೆ. ಮೊಣಕೈಯಿಂದ ಗಾಳಿ ತುಂಬುವ ಇಲ್ಲಿನ ಇಲನ್ ಪೈಪ್ಸ್, ಮರದ ಅಡ್ಡಕೊಳಲು ಎರಡೂ ಸಾಮಾನ್ಯವಾಗಿ ಡಿ. ವಿಸಲ್ ಈ ಮನೆತನದ ಕಿರಿಯ ಕೂಸು. ಡಿ ವಿಸಲ್‌ನಲ್ಲಿ ಕೆಳಗಿನಿಂದ ಒಂದೊಂದೇ ಬೆರಳು ಎತ್ತಿದರೆ ಡಿ, ಇ, ಎಫ್ ಶಾರ್ಪ್, ಜಿ, ಎ, ಬಿ, ಸಿ ಶಾರ್ಪ್ ತಾವಾಗಿ ಬರುತ್ತವೆ. ಮೇಲಿನ ತೂತು ಬಿಟ್ಟು ಅದರ ಕೆಳಗಿನ ಎರಡನ್ನು ಮುಚ್ಚಿದರೆ ಶುದ್ಧ ಸಿ ಸಿಗುತ್ತದೆ, ಅಲ್ಲಿಗೆ ಜಿ ಶ್ರುತಿಯೂ ಕೈವಶ. ಅರ್ಧ ತೂತು ಮುಚ್ಚುವ ಸರ್ಕಸ್ ಇಲ್ಲದೆ ಮಗು ನೂರಾರು ಹಾಡು ನುಡಿಸಬಹುದು. ಅದೇ ಹಾಡುಗಳನ್ನು ಸಿ ವಿಸಲ್‌ನಲ್ಲಿ ಉಳಿದವರ ಜೊತೆ ನುಡಿಸಲು ಹೊರಟರೆ ಹೆಜ್ಜೆಹೆಜ್ಜೆಗೂ ಅರ್ಧ ತೂತು ಹುಡುಕಬೇಕು. ಸಿ ವಿಸಲ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ರಾಬರ್ಟ್ ಕ್ಲಾರ್ಕ್ ಇಂಗ್ಲೆಂಡಿನ ಸಫೋಕ್‌ನಲ್ಲಿ 1843ರಲ್ಲಿ ತಗಡು ಸುತ್ತಿ ವಿಸಲ್ ಮಾಡಲು ಶುರುಮಾಡಿದ. ಆ ಕಂಪನಿಯ ಸಿ ವಿಸಲ್ ಇವತ್ತಿಗೂ ಸಿಗುತ್ತದೆ, ಇನಿದನಿಯ ವಾದ್ಯ. ಮನೆಯಲ್ಲಿ ಒಬ್ಬರೇ ನುಡಿಸಲು, ತಗ್ಗಿದ ಕಂಠದ ಹಾಡಿಗೆ ಜೊತೆಗೊಡಲು ಚೆನ್ನ. ಎರಡನೆಯ ವಿಸಲ್ ಆಗಿ ಕೊಳ್ಳಿ.

ಮರುದಿನವೇ ಹಸಿರು ಬಾಯಿಯ ಡಿ ವಿಸಲ್ ತಂದೆ. ಹತ್ತು ಯೂರೋ ಆಸುಪಾಸಿನ ವಸ್ತು. ಕಥೆ ಇಲ್ಲಿಗೆ ಮುಗಿದಿದ್ದರೆ ನಿಮಗೆ ಇಷ್ಟುದ್ದ ಬರೆಯುತ್ತಿರಲಿಲ್ಲ.

ಮಗಳ ಸಂಕಟ ಫೋನಿನಲ್ಲಿ ಕೇಳಿದ ನನ್ನ ಅಪ್ಪ ಸಾಧನಕೇರಿಯ ಮನೆಯಿಂದ ಒಂದು ಪಾರ್ಸೆಲ್ ಕಳಿಸಿದರು. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಪಿವಿಸಿ ಪೈಪಿನೊಳಗೆ ಸೇರಿಸಿ, ಎರಡೂ ಕಡೆ ಬಟ್ಟೆ ತುರುಕಿದ್ದರು. ಒಳಗೊಂದು ಬಿದಿರಿನ ಬಾನ್ಸುರಿ, ಕೆಂಪು ದಾರ ಕಟ್ಟಿದ್ದು, ತುದಿಯಲ್ಲಿ ಡಿ ಎಂದು ಕೊರೆದಿತ್ತು. ಮಗಳಿಗೆ ಅಡ್ಡಕೊಳಲಿನ ಮೊದಲ ದನಿ ಬರಲು ನಾಲ್ಕು ದಿನ ಹಿಡಿಯಿತು. ಬಂದ ದಿನ ಆರೂ ತೂತು ಮುಚ್ಚಿ ಊದಿದಳು. ಡಿ ಬರಲಿಲ್ಲ, ಎ ಬಂತು. ಫೋನು ಮಾಡಿದಾಗ ಅಪ್ಪ, "ನೀ ಡಿ ಅಂತ ಹೇಳಿದ್ದಿ, ನಾ ಡಿನೇ ಕಳಿಸೇನಿ ನೋಡವಾ" ಅಂದರು. ಅವರ ದನಿಯಲ್ಲಿ ಬೇಸರವಿತ್ತು.

ಅಪ್ಪನದೂ ತಪ್ಪಲ್ಲ, ಕೊಳಲು ಮಾಡಿದವನದೂ ತಪ್ಪಲ್ಲ. ಅಕ್ಷರ ಒಂದೇ, ಅದು ತೋರಿಸುವ ತೂತು ಬೇರೆ. ಐರಿಷ್ ವಿಸಲ್‌ಗೆ ಹೆಸರಿಡುವುದು ಆರೂ ತೂತು ಮುಚ್ಚಿದಾಗ ಬರುವ ಸ್ವರದಿಂದ. ಹಿಂದೂಸ್ತಾನಿ ಬಾನ್ಸುರಿಗೆ ಹೆಸರಿಡುವುದು ಷಡ್ಜದಿಂದ, ಅಂದರೆ ಸರಿಗಮದ ಸ ಇಂದ. ಷಡ್ಜ ಬರುವುದು ಮೇಲಿನ ಮೂರು ತೂತು ಮುಚ್ಚಿದಾಗ. ಆರೂ ಮುಚ್ಚಿದರೆ ಬರುವುದು ಮಂದ್ರದ ಪಂಚಮ, ಅಂದರೆ ಕೆಳಗಿನ ಸಪ್ತಕದ ಪ. ಷಡ್ಜ ಡಿ ಆದರೆ ಪಂಚಮ ಎ. ಮೈಸೂರು ಕಡೆಯ ಕರ್ನಾಟಕ ಸಂಗೀತದ ಕೊಳಲು ಇನ್ನೂ ಬೇರೆ, ಅದಕ್ಕೆ ಎಂಟು ತೂತು, ಷಡ್ಜಕ್ಕೆ ಮೇಲಿನ ಎರಡು ಮುಚ್ಚಬೇಕು, ಶ್ರುತಿಯನ್ನು ಎರಡು ಮನೆ, ಐದು ಮನೆ ಎಂದು ಎಣಿಸುತ್ತಾರೆ. ಮೂರು ಸಂಪ್ರದಾಯಕ್ಕೆ ಮೂರು ಲೆಕ್ಕ. ಹೊರದೇಶದ ಮೊಮ್ಮಕ್ಕಳಿಗೆ ಅಕ್ಕರೆಯಿಂದ ಕೊಳಲು ಕಳಿಸುವ ಅಜ್ಜ ಅಜ್ಜಿಯರಿಗೆ ಇದನ್ನು ಅಂಗಡಿಯಲ್ಲಿ ಯಾರಾದರೂ ಹೇಳಿದ್ದಾರೆಯೇ?

ಆ ರಾತ್ರಿ ಅಪ್ಪ ಕಪಾಟಿನಿಂದ ತಮ್ಮ ಕೊಳಲುಗಳನ್ನೆಲ್ಲ ಹೊರಗೆ ತೆಗೆದು ಒಂದೊಂದನ್ನೇ ಆರೂ ಬೆರಳು ಮುಚ್ಚಿ ಊದುತ್ತ ಹೋದರು. ನಾನು ಈ ಕಡೆ ಸ್ವರ ಅಳೆಯುವ ಫೋನಿನ ಟ್ಯೂನರ್ ಹಿಡಿದು ಕೂತಿದ್ದೆ. ಅವರು ಬಿಳಿ ಐದು ಎಂದು ಕರೆಯುವ, ಷಡ್ಜ ಜಿ ಇರುವ ಬಾನ್ಸುರಿ ಬಂದಾಗ ಮುಳ್ಳು ಡಿ ಮೇಲೆ ನಿಂತಿತು. ಮಗಳ ವಿಸಲ್‌ಗಿಂತ ಒಂದು ಸಪ್ತಕ ಕೆಳಗೆ, ಅದೇ ಸ್ವರ. ಅಂದರೆ ಐರ್ಲೆಂಡಿನ ಡಿ ನಮ್ಮ ಧಾರವಾಡದ ಜಿ. ಅಲ್ಲಿಂದ ಮುಂದೆ ಎಲ್ಲ ಬೆಳಕಾಯಿತು. ಮಗಳ ವಿಸಲ್‌ನಲ್ಲಿ ಮೇಲಿನ ಮೂರು ತೂತಿನಿಂದ ಷಡ್ಜ ಹಿಡಿದು ಹೊರಟರೆ ಎಲ್ಲ ಬೆರಳು ತೆಗೆದಾಗ ತೀವ್ರ ಮಧ್ಯಮ, ಅಂದರೆ ಏರಿಸಿದ ಮ, ಸಿಗುತ್ತದೆ, ಯಮನ್ ರಾಗ ಸಿದ್ಧ. ಸ ರಿ ಗ ಪ ಧ ಮಾತ್ರ ಹಿಡಿದರೆ ಭೂಪಾಲಿ ರಾಗ, ಕರ್ನಾಟಕ ಪದ್ಧತಿಯವರಿಗೆ ಮೋಹನ. ಆ ಐದು ಸ್ವರಕ್ಕೆ ಒಂದು ಅರ್ಧ ತೂತೂ ಬೇಡ. ಅಪ್ಪ ಅಲ್ಲಿಂದ ಒಂದು ಸಾಲು ನುಡಿಸುತ್ತಾರೆ, ಇವಳು ಕೇಳಿ ಹಿಂತಿರುಗಿಸುತ್ತಾಳೆ. ಆಮೇಲೆ ಇವಳು ಶಾಲೆಯಲ್ಲಿ ಕಲಿತ ಜಿಗ್ ಎಂಬ ಕುಣಿತದ ಮಟ್ಟೊಂದರ ಸಾಲು ನುಡಿಸಿದರೆ ಅಪ್ಪ ಹಿಡಿಯುತ್ತಾರೆ. ವಿಡಿಯೋ ಕರೆಯಲ್ಲಿ ದನಿ ತಡವಾಗಿ ತಲುಪುವುದರಿಂದ ಒಟ್ಟಿಗೆ ನುಡಿಸಲಾಗದು, ಸರದಿಯಲ್ಲೇ ಆಗಬೇಕು.

ಇನ್ನೊಂದು ಸಂಗತಿ ಹೇಳದಿರಲಾರೆ. ಇಲ್ಲಿನ ಹೆಸರಾಂತ ಕಲಾವಿದ ಫಿನ್‌ಬಾರ್ ಫ್ಯೂರಿ ಪ್ರವಾಸದಲ್ಲಿದ್ದಾಗ ಅವರ ಬಳಿಯಿದ್ದ ಭಾರತದ ಬಿದಿರಿನ ಕೊಳಲು ಹಾಳಾಯಿತಂತೆ. ಅದನ್ನು ಸರಿಪಡಿಸಲಾಗದೆ ಬರ್ನಾರ್ಡ್ ಓವರ್ಟನ್ ಎಂಬವರು ಲೋಹದ ಕೊಳವೆಯಲ್ಲಿ ಅದರಂಥದನ್ನು ಮಾಡಲು ಹೊರಟರು. 1971ರ ಸುಮಾರಿಗೆ ಅದರಿಂದಲೇ ಬೆಳೆದು ಬಂದದ್ದು ಲೋ ವಿಸಲ್, ಈಗ ಐರಿಷ್ ಸಂಗೀತದಲ್ಲಿ ಎಲ್ಲೆಡೆ ಕೇಳಿಬರುವ ಆ ಆಳದ ದನಿ. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಎರಡು ಸಲ ಕೇಳಿಸಿಕೊಂಡರು. ಆದರೆ ಮಗುವಿಗೆ ಮೊದಲೇ ಲೋ ಡಿ ಕೊಡಿಸಬೇಡಿ. ಅದು ಅರವತ್ತು ಸೆಂಟಿಮೀಟರಿನ ಆಸುಪಾಸು ಉದ್ದ, ತೂತುಗಳು ದೂರದೂರ, ಎಂಟು ವರ್ಷದ ಬೆರಳಿಗೆ ಎಟುಕುವುದಿಲ್ಲ. ಲೋ ಎಂಬ ಮಾತು ಕಂಡರೆ ಅದು ಬೇರೆ ವಾದ್ಯ ಎಂದೇ ತಿಳಿಯಿರಿ. ಎಫ್, ಜಿ ವಿಸಲ್‌ಗಳು ತೀರಾ ಗಿಡ್ಡ, ದೊಡ್ಡವರ ಬೆರಳು ಒಂದರ ಮೇಲೊಂದು ಬೀಳುತ್ತವೆ.

ಕೊಳ್ಳುವ ಮುನ್ನ ಗುರುಗಳನ್ನೋ ಶಾಲೆಯನ್ನೋ ಒಂದೇ ಪ್ರಶ್ನೆ ಕೇಳಿ: ಎಲ್ಲ ತೂತು ಮುಚ್ಚಿದಾಗ ನಿಮ್ಮ ತರಗತಿಯಲ್ಲಿ ಯಾವ ಸ್ವರ ಬರಬೇಕು? ಉತ್ತರ ಡಿ ಎಂದಿದ್ದರೆ ಐರಿಷ್ ವಿಸಲ್‌ನಲ್ಲಿ ಡಿ, ಬಾನ್ಸುರಿಯಲ್ಲಿ ಜಿ. ಅಂಗಡಿಯಲ್ಲಿ ಟ್ಯೂನರ್ ಇಟ್ಟು ಊದಿ ನೋಡಿ. ಚಳಿಯಲ್ಲಿ ತಂದ ವಿಸಲ್ ಕೊಂಚ ಇಳಿದೇ ನುಡಿಯುತ್ತದೆ. ಎರಡು ನಿಮಿಷ ಅಂಗೈಯಲ್ಲಿ ಹಿಡಿದು, ಬೆಚ್ಚಗಾದ ಮೇಲೆ ಅಳೆಯಿರಿ. ಇಷ್ಟನ್ನು ಮಾಡದೆ ನಾನು ಎರಡು ಸಲ ಎಡವಿದೆ, ಎರಡು ಸಲವೂ ಪೆಟ್ಟು ಬಿದ್ದದ್ದು ಮಗುವಿಗೆ.

ನಿಮ್ಮ ಪತ್ರಿಕೆಯ ಮೂಲಕ ನಮ್ಮ ಕೊಳಲು ತಯಾರಕರಲ್ಲಿ, ಮಾರುವವರಲ್ಲಿ ಒಂದು ಕೋರಿಕೆ. ಬಿದಿರಿನ ಮೇಲೆ ಒಂದು ಅಕ್ಷರದ ಬದಲು ಎರಡು ಕೊರೆಯಿರಿ, ಷಡ್ಜದ್ದೊಂದು, ಎಲ್ಲ ಮುಚ್ಚಿದಾಗಿನದ್ದೊಂದು. ಕಾಯಿಸಿದ ಮೊಳೆಯ ತುದಿಗೆ ಅರೆ ನಿಮಿಷದ ಹೆಚ್ಚಿನ ಕೆಲಸ ಅದು. ಜಾತ್ರೆಯಲ್ಲಿ ಗುರುತೇ ಇಲ್ಲದೆ ಮಾರುವ ಕೊಳಲುಗಳ ಮಾತು ಬೇರೆ, ಅವು ಆಟಕ್ಕೆ. ನಾನು ಹೇಳುತ್ತಿರುವುದು ಕಲಿಯಲೆಂದು ದುಡ್ಡು ಕೊಟ್ಟು ಕೊಳ್ಳುವವುಗಳ ವಿಷಯ. ನಿಮ್ಮ ಮಕ್ಕಳ ಪುಟದಲ್ಲಿ ಈ ಎರಡಕ್ಷರದ ಲೆಕ್ಕವನ್ನು ಚಿತ್ರ ಸಮೇತ ಒಮ್ಮೆ ಪ್ರಕಟಿಸಿದರೆ ದೊಡ್ಡ ಉಪಕಾರ. ಚಿತ್ರ ಬೇಕಿದ್ದರೆ ನಾನೇ ಬರೆದು ಕಳಿಸುತ್ತೇನೆ.

ಅಪ್ಪ ಕಾದಿಲ್ಲ. ಹೋದ ಭಾನುವಾರ ಕ್ಯಾಮೆರಾದ ಮುಂದೆ ತಮ್ಮ ಏಳೂ ಕೊಳಲು ಸಾಲಾಗಿ ಹಿಡಿದು ತೋರಿಸಿದರು. ಪ್ರತಿಯೊಂದರ ತುದಿಯಲ್ಲೂ ಹಳೆಯ ಅಕ್ಷರದ ಪಕ್ಕ ಕರಿ ಮಾರ್ಕರ್ ಪೆನ್ನಿನಲ್ಲಿ ಇನ್ನೊಂದು ಅಕ್ಷರ ಇತ್ತು.

ಇತಿ,
ಧಾರವಾಡದ ಓದುಗಿ, ಗಾಲ್ವೇ, ಐರ್ಲೆಂಡ್