ಬೆಲೆ ಇಳಿದರಷ್ಟೇ ಎಕ್ಸ್‌ಬಾಕ್ಸ್ ಮಾರಾಟವಾದೀತೇ?

ಮಾನ್ಯ ಸಂಪಾದಕರೇ,

ಟಿವಿಗೆ ಜೋಡಿಸಿ ಆಡುವ, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಗೇಮ್ ಕನ್ಸೋಲ್‌ನ ಮಾರಾಟ ಕುಸಿದಿರುವ ಬಗ್ಗೆ ಈ ಅಂಕಣದಲ್ಲಿ ಬರೆದ ಓದುಗರೊಬ್ಬರು, ಬೆಲೆ ಇಳಿಸಿದರೆ ಅದು ಚೇತರಿಸಿಕೊಳ್ಳುವುದು ಖಚಿತವೆಂದು ವಾದಿಸಿ, ಪ್ರತಿಸ್ಪರ್ಧಿ ಸೋನಿಯ ಪ್ಲೇಸ್ಟೇಷನ್ 3 ಮತ್ತು ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ 3ಡಿಎಸ್‌ಗಳನ್ನು ಉದಾಹರಿಸಿದ್ದಾರೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಮೊಬೈಲ್ ಬಿಡಿಭಾಗಗಳ ಜೊತೆಗೆ ಗೇಮ್ ಡಿಸ್ಕ್‌ಗಳನ್ನೂ ಮಾರುವ ನನಗೆ ಆ ವಾದ ಅರ್ಧ ಮಾತ್ರ ಒಪ್ಪಿಗೆಯಾಯಿತು.

2006ರಲ್ಲಿ 499 ಮತ್ತು 599 ಡಾಲರ್‌ಗೆ ಬಂದು ಮುಗ್ಗರಿಸಿದ ಪ್ಲೇಸ್ಟೇಷನ್ 3, 2009ರಲ್ಲಿ 299 ಡಾಲರ್‌ನ ತೆಳು ಮಾದರಿ ಬಂದ ಮೇಲೆ ಸುಧಾರಿಸಿ ಕೊನೆಗೆ ಮಾರಾಟದಲ್ಲಿ 8 ಕೋಟಿ ದಾಟಿದ್ದು ನಿಜ. 2011ರಲ್ಲಿ 250 ಡಾಲರ್‌ನಿಂದ 170ಕ್ಕೆ ಇಳಿದ 3ಡಿಎಸ್ ಕೂಡ 7.5 ಕೋಟಿ ಮೀರಿತು. ಆದರೆ ಅದೇ ವರ್ಷದ ನವೆಂಬರ್, ಡಿಸೆಂಬರ್‌ನಲ್ಲಿ ಅದಕ್ಕೆ ಮಾರಿಯೊನ ಎರಡು ಹೊಸ ಆಟಗಳು ಬಂದಿದ್ದವು. ಅವು ಬೇರೆ ಯಾವ ಯಂತ್ರದಲ್ಲೂ ಸಿಗುತ್ತಿರಲಿಲ್ಲ. ಓದುಗರು ಈ ಅಂಶವನ್ನು ಬಿಟ್ಟಿದ್ದಾರೆ.

ಎಕ್ಸ್‌ಬಾಕ್ಸ್ ಹಿಡಿದಿರುವುದು ಇದಕ್ಕೆ ತದ್ವಿರುದ್ಧ ದಾರಿ. 2020ರಲ್ಲಿ ಅಮೆರಿಕದಲ್ಲಿ 299 ಡಾಲರ್‌ಗೆ ಬಂದ ಅದರ ಅಗ್ಗದ ಮಾದರಿ ಸೀರೀಸ್ ಎಸ್, 2025ರಲ್ಲಿ ಎರಡು ಬಾರಿ ಏರಿ 400ಕ್ಕೆ ಮುಟ್ಟಿತು. 499ರ ದುಬಾರಿ ಮಾದರಿ ಸೀರೀಸ್ ಎಕ್ಸ್ 650 ಆಯಿತು. ಪ್ಲೇಸ್ಟೇಷನ್ 5 ಕೂಡ ತುಟ್ಟಿಯಾಗಿದೆ, ಅಲ್ಲಗಳೆಯುವುದಿಲ್ಲ. ಆದರೆ 2025ರಲ್ಲಿ ಎಕ್ಸ್‌ಬಾಕ್ಸ್‌ನ ಸ್ವಂತ ಆಟಗಳಾದ ಫೋರ್ಜಾ ಹೊರೈಜನ್ 5 ಮತ್ತು ಗೇರ್ಸ್ ಆಫ್ ವಾರ್‌ನ ಹೊಸ ಆವೃತ್ತಿ ಪ್ಲೇಸ್ಟೇಷನ್ 5ಕ್ಕೂ ಬಂದವು. ಎಕ್ಸ್‌ಬಾಕ್ಸ್‌ನ ಗುರುತೇ ಆಗಿದ್ದ ಹೇಲೊ ಕೂಡ ಅಲ್ಲಿಗೆ ಹೋಗಲಿದೆ ಎಂದು ಅದೇ ವರ್ಷದ ಅಕ್ಟೋಬರ್‌ನಲ್ಲಿ ಘೋಷಣೆಯಾಯಿತು. 2023ರಲ್ಲಿ ಆಟ ತಯಾರಿಸುವ ಕಂಪನಿ ಆಕ್ಟಿವಿಷನ್ ಬ್ಲಿಜಾರ್ಡ್ ಖರೀದಿಗೆ ಸುಮಾರು 6,900 ಕೋಟಿ ಡಾಲರ್ ಸುರಿದ ಮೈಕ್ರೋಸಾಫ್ಟ್‌ಗೆ ಆಟಗಳನ್ನು ಎಲ್ಲೆಡೆ ಮಾರುವುದು ಲಾಭದ ಲೆಕ್ಕವೇ ಇರಬಹುದು, ಆದರೆ ಕನ್ಸೋಲ್‌ನ ಮಾರಾಟಕ್ಕೆ ಅದೇ ಮುಳುವು.

ನಮ್ಮ ಊರಿನ ಗಿರಾಕಿಯ ವಿಚಾರ ಇನ್ನೂ ಬೇರೆ. ಇಲ್ಲಿ ಕನ್ಸೋಲ್ ಕೊಳ್ಳುವ ಮನೆಯವರು ಮೊದಲು ವಿಚಾರಿಸುವುದು ಹಳೆಯ ಡಿಸ್ಕ್ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು. ಹೊಸ ಆಟವೊಂದಕ್ಕೆ ನಾಲ್ಕೈದು ಸಾವಿರ ರೂಪಾಯಿ ಕೊಟ್ಟ ಹುಡುಗ, ಅದನ್ನು ಆಡಿ ಮುಗಿಸಿ ಅಂಗಡಿಗೆ ತರುತ್ತಾನೆ. ನಾನು ಡಿಸ್ಕನ್ನು ಟ್ಯೂಬ್‌ಲೈಟಿನ ಕೆಳಗೆ ಓರೆ ಹಿಡಿದು ಗೀರು ನೋಡಿ ಬೆಲೆ ಹೇಳುತ್ತೇನೆ. ಮೇಲಿನ ವ್ಯತ್ಯಾಸದ ಹಣ ಕೊಟ್ಟು ಅವನು ಇನ್ನೊಂದನ್ನು ಒಯ್ಯುತ್ತಾನೆ. ಎಕ್ಸ್‌ಬಾಕ್ಸ್‌ಗಳಲ್ಲಿ ಅಗ್ಗದ್ದಾದ ಸೀರೀಸ್ ಎಸ್‌ಗೆ ಡಿಸ್ಕ್ ಹಾಕುವ ಜಾಗವೇ ಇಲ್ಲವೆಂದು ಹೇಳಿದ ಕೂಡಲೇ ಎಷ್ಟೋ ತಂದೆಯರು ಮಾತು ನಿಲ್ಲಿಸುತ್ತಾರೆ. ಆಟವನ್ನೆಲ್ಲ ಇಂಟರ್‌ನೆಟ್‌ನಿಂದಲೇ ಇಳಿಸಿಕೊಳ್ಳಬೇಕು, ಒಂದೊಂದು ಆಟ 100 ಜಿಬಿ ಮೀರುವುದೂ ಉಂಟು, ಮೂಲ ಮಾದರಿಯ ಸ್ಟೋರೇಜ್ ಇರುವುದು 512 ಜಿಬಿ. ತಿಂಗಳ ಚಂದಾ ಕಟ್ಟಿ ನೂರಾರು ಆಟ ಆಡುವ ಗೇಮ್ ಪಾಸ್ ಇದೆಯಲ್ಲ ಎಂದರೆ, ಅದರ ಅಲ್ಟಿಮೇಟ್ ಯೋಜನೆಯ ದರವೂ 2025ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ 20ರಿಂದ 30 ಡಾಲರ್‌ಗೆ ಏರಿತು.

ನನ್ನಲ್ಲಿ ಎಕ್ಸ್‌ಬಾಕ್ಸ್ ಹೆಸರಿನಲ್ಲಿ ಚೆನ್ನಾಗಿ ಬಿಕರಿಯಾಗುವ ವಸ್ತು ಅದರ ಕಂಟ್ರೋಲರ್ ಒಂದೇ. ಎಂಜಿನಿಯರಿಂಗ್ ಓದುವ ಹುಡುಗರು ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿಕೊಂಡು ಅದೇ ಆಟಗಳನ್ನು ವಿಂಡೋಸ್‌ನಲ್ಲಿ ಆಡುತ್ತಾರೆ. ಕನ್ಸೋಲ್ ತೋರಿಸಿ ಎಂದು ಅವರು ಕೇಳುವುದಿಲ್ಲ.

2001ರಲ್ಲಿ ತನ್ನ ಡ್ರೀಮ್‌ಕಾಸ್ಟ್ ಕನ್ಸೋಲ್‌ನ ತಯಾರಿಕೆ ನಿಲ್ಲಿಸಿದ ಸೆಗಾ ಕಂಪನಿ, ಅನ್ಯರ ಯಂತ್ರಗಳಿಗೆ ಆಟ ಮಾಡಿಕೊಟ್ಟು ಇಂದಿಗೂ ಉಳಿದಿದೆ. ಮೈಕ್ರೋಸಾಫ್ಟ್ ಚಿಪ್ ಕಂಪನಿ ಎಎಂಡಿಯೊಡನೆ ಮುಂದಿನ ಕನ್ಸೋಲ್ ರೂಪಿಸುತ್ತಿರುವುದಾಗಿ ಹೇಳಿದ್ದರೂ, ಅದರ ನಡೆ ನನಗೆ ಸೆಗಾದ ದಾರಿಯಂತೆಯೇ ಕಾಣುತ್ತಿದೆ. ಬೆಲೆ ಇಳಿಸಿದರೆ ಒಂದು ದೀಪಾವಳಿಯ ಮಟ್ಟಿಗೆ ಗೋದಾಮು ಖಾಲಿಯಾದೀತು. ಬೇರೆಲ್ಲೂ ಸಿಗದ ಒಂದು ಒಳ್ಳೆಯ ಆಟ ಮತ್ತು ಅಗ್ಗದ ಮಾದರಿಯಲ್ಲಿ ಡಿಸ್ಕ್ ಡ್ರೈವ್ ಬರುವವರೆಗೆ ನಾನಂತೂ ಅದನ್ನು ಅಂಗಡಿಗೆ ತರಿಸುವವನಲ್ಲ.

ಇಂತಿ,
ಓರ್ವ ವ್ಯಾಪಾರಿ, ಕಲಬುರಗಿ