ಬಸೂ, ಮುಂಬೈ ಆಮೇಲೆ, ಮೊದಲು ಕಿತ್ತೂರು

ಬಸೂ,

ನಿನ್ನ ಮೆಸೇಜ್ ನೋಡಿದೆ. ಹಳೇ ಕಾಲದ ಯುದ್ಧದ ಕವಚ ನೋಡಬೇಕು, ನಡಿ ಮುಂಬೈಗೆ ಅಂತ ಬರೆದಿದ್ದೀಯ. ಬೇಡ ಅನ್ನುವುದಿಲ್ಲ. ಅಲ್ಲಿನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಅಕ್ಬರನ ಎದೆಗವಚ, ಗುರಾಣಿ ಎರಡೂ ಇವೆ. ಆದರೆ ಧಾರವಾಡದಿಂದ 30 ಕಿಲೋಮೀಟರ್ ಆಚೆಗೆ ಕಿತ್ತೂರು ಇಟ್ಟುಕೊಂಡು, ರಾತ್ರಿ ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಮುಂಬೈಗೆ ಯಾಕೆ ಹೋಗಬೇಕು ಹೇಳು? ಅಲ್ಲಿ ಕೋಟೆ ಆವರಣದಲ್ಲೇ ಮ್ಯೂಸಿಯಂ ಇದೆ, ಕವಚ, ಕತ್ತಿ ಎಲ್ಲ ಇಟ್ಟಿದ್ದಾರೆ. 1824ರ ಅಕ್ಟೋಬರ್‌ನಲ್ಲಿ ರಾಣಿ ಚೆನ್ನಮ್ಮನ ಸೈನ್ಯದ ಎದುರು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತಿದ್ದು ಇದೇ ಊರಲ್ಲಿ. ಆ ನೆಲದ ಮೇಲೆ ನಿಂತು ನೋಡುವುದೇ ಬೇರೆ.

ಸುಮ್ನೆ ಹೋಗಿ ಫೋಟೋ ಹೊಡೆದುಕೊಂಡು ಬರಬೇಡ. ಸರಪಳಿ ಕವಚ ಕಂಡರೆ ಉಂಗುರಗಳನ್ನು ಹತ್ತಿರದಿಂದ ನೋಡು. ಕಬ್ಬಿಣದ ತಂತಿಯನ್ನು ಸರಳಿಗೆ ಸುತ್ತಿ, ಕತ್ತರಿಸಿ, ಒಂದೊಂದು ಉಂಗುರವನ್ನೂ ಸುತ್ತಲಿನ ನಾಲ್ಕು ಉಂಗುರಗಳಿಗೆ ಪೋಣಿಸಿ, ತುದಿ ಚಪ್ಪಟೆ ಮಾಡಿ ಚಿಕ್ಕ ಮೊಳೆ ಬಡಿದಿದ್ದರೆ ಅದು ಹೊಡೆತ ತಡೆಯುವ ಕವಚ. ತುದಿಗೆ ತುದಿ ಬರೀ ಮುಟ್ಟಿಸಿ ಬಿಟ್ಟಿದ್ದರೆ ಚೂಪಾದ ಮೊನೆ ಚುಚ್ಚಿದ ಕೂಡಲೇ ಬಾಯಿ ಬಿಡುತ್ತದೆ. ನಮ್ಮ ದೇಶದಲ್ಲಿ ಆಮೇಲಿನ ಕಾಲದಲ್ಲಿ ಇಂಥವೂ ಬಹಳ ಬಂದವು, ಕೆಲವಕ್ಕಂತೂ ಹಿತ್ತಾಳೆ ಉಂಗುರ ಸೇರಿಸಿ ಡಿಸೈನ್ ಬೇರೆ. ಮೆರವಣಿಗೆಗೆ ಚೆಂದ, ಅಷ್ಟೇ.

ತೂಕ ಎಷ್ಟು ಅಂತ ನೀನು ಕೇಳಿದ್ದೆ. ಸರಪಳಿಯ ಅಂಗಿ ಸುಮಾರು 10 ಕೆಜಿ, ಯುರೋಪಿನ ತಗಡಿನ ಪೂರ್ತಿ ಕವಚ 20ರಿಂದ 25. ನಮ್ಮ ಏಪ್ರಿಲ್ ಬಿಸಿಲಲ್ಲಿ ಅದನ್ನು ತೊಟ್ಟುಕೊಂಡು ಕುದುರೆ ಹತ್ತುವುದು ಯೋಚಿಸು! ಅದಕ್ಕೇ ಇಲ್ಲಿ ಸರಪಳಿ ಅಂಗಿಯ ಮೇಲೆ ಎದೆ, ಬೆನ್ನು, ಎರಡು ಪಕ್ಕಕ್ಕೆ ನಾಲ್ಕು ತಗಡು ಕಟ್ಟುವುದು ಹೆಚ್ಚು ಒಗ್ಗಿತು ಅಂತ ನನಗೆ ಅನಿಸುತ್ತದೆ. ಪರ್ಷಿಯನ್‌ನಲ್ಲಿ ಅದಕ್ಕೆ ಚಾರ್ ಐನಾ, ಅಂದರೆ ನಾಲ್ಕು ಕನ್ನಡಿ. ಹಳೇ ಕನ್ನಡದಲ್ಲಿ ಕವಚಕ್ಕೆ ಜೋಡು ಅಂತಲೂ ಹೆಸರಿತ್ತು. ಈಗ ನಾವು ಜೋಡು ಅಂದರೆ ಬಾಗಿಲ ಹೊರಗೆ ಬಿಡುವ ಚಪ್ಪಲಿ, ಅಲ್ವಾ?

ಇನ್ನೊಂದು. ನಿಮ್ಮ ಹಾನಗಲ್ಲಿನ ತಾರಕೇಶ್ವರ ಗುಡಿಯ ವೀರಗಲ್ಲುಗಳನ್ನು ಹೊರಡುವ ಮೊದಲು ಒಮ್ಮೆ ನೋಡಿ ಬಾ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕತ್ತಿ, ಗುರಾಣಿ, ಬಿಲ್ಲು ಕಾಣುತ್ತವೆ, ಮೈಮೇಲಿನ ಕವಚ ಕಾಣುವುದು ಅಪರೂಪ. ಕವಚ ದುಡ್ಡಿದ್ದವನ ಮಾತು. ಮ್ಯೂಸಿಯಂನಲ್ಲಿ ಉಳಿದದ್ದೂ ಅವರದ್ದೇ.

ಎರಡನೇ ಟ್ರಿಪ್ ವಿಜಯಪುರ. ಹುಬ್ಬಳ್ಳಿಯಿಂದ ಗದಗ, ಬಾಗಲಕೋಟೆ ಮೇಲೆ ರೈಲಿದೆ. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲೇ ಮ್ಯೂಸಿಯಂ. ಆಮೇಲೆ ಮಲಿಕ್-ಎ-ಮೈದಾನ್ ತೋಪು ನೋಡೋಣ, 1549ರಲ್ಲಿ ಎರಕ ಹೊಯ್ದದ್ದು. ಅದರ ಬಾಯಿ ಎದುರು ಯಾವ ಜೋಡು ತೊಟ್ಟರೆ ಏನು? ಶುಕ್ರವಾರ ಮಾತ್ರ ಬೇಡ, ಆ ಮ್ಯೂಸಿಯಂಗೆ ರಜೆ. ಕಿತ್ತೂರಿಗೆ ಸೋಮವಾರ ಬೇಡ. ಹೋದ ವರ್ಷ ನಾನು ಒಂದು ಕಡೆ ಕೇಳದೆ ಹೋಗಿ, ಬೀಗ ನೋಡಿಕೊಂಡು, ಗೇಟಿನ ಮುಂದೆ ಗಿರ್ಮಿಟ್ ತಿಂದು ವಾಪಸ್ ಬಂದೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಧಾರವಾಡ ಜುಬಿಲಿ ಸರ್ಕಲ್‌ನಲ್ಲಿ ಸಿಗು. ಬಿಳಿ ಅಂಗಿ ಹಾಕಿಕೊಂಡು ಬರಬೇಡ ಮಾರಾಯ, ಗಾಜಿನಲ್ಲಿ ಕವಚ ಬಿಟ್ಟು ನೀನೇ ಕಾಣುತ್ತೀಯ.