ಈ ಶನಿವಾರ ಎಲ್ಲಿ ನಿಲ್ಲಲಿ?

ವಿಂಟರ್‌ಥೂರ್, ಸೋಮವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನ ಶೂಗಳನ್ನು ಬಾಲ್ಕನಿಯಲ್ಲಿ ಒಣಗಲು ಇಟ್ಟಿದ್ದೇನೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಅಡಿಯ ಕೆಸರು ಕೆರೆಯುತ್ತಾ ಕುಳಿತಾಗ, ಶನಿವಾರ ನಿನ್ನ ಫುಟ್‌ಬಾಲ್ ಪಂದ್ಯ ಮುಗಿಸಿ ಬರುವಾಗ ಕಾರಿನಲ್ಲಿ ನಾನು ಆಡಿದ ಮಾತು ನೆನಪಾಗಿ ನಾಚಿಕೆಯಾಯಿತು. ನಿನ್ನದೊಂದು ಪಾಸ್ ತಪ್ಪಿತು, ಎದುರು ತಂಡ ಗೋಲು ಹೊಡೆಯಿತು. ಅಷ್ಟಕ್ಕೇ "ಮುಂದೆ ಆಡುವುದು ಬಿಟ್ಟು ಹಿಂದೆ ನಿಂತು ಬೈಸಿಕೊಳ್ಳುವುದೇಕೆ?" ಎಂದುಬಿಟ್ಟೆ. ಮನೆ ಬರುವವರೆಗೂ ನೀನು ಕಿಟಕಿಯಾಚೆಯೇ ನೋಡುತ್ತಿದ್ದೆ. ಎದುರು ಕುಳಿತು ಹೇಳಲು ನನಗೆ ಬಾರದು, ಅದಕ್ಕೇ ಈ ಪತ್ರ. ಕನ್ನಡ ಓದುವುದು ನಿನಗೆ ನಿಧಾನ. ಇರಲಿ, ನನಗೂ ಅವಸರವಿಲ್ಲ.

ನಿನ್ನ ಕೋಣೆಯ ಗೋಡೆಯ ಮೇಲಿರುವ ಸ್ವಿಸ್ ಡಿಫೆಂಡರ್ ಮಾನುಯೆಲ್ ಅಕಾಂಜಿಯ ಆಟವನ್ನು ನಿನ್ನೆ ಮತ್ತೆ ನೋಡಿದೆ. ಯುರೋಪಿನ ಕ್ಲಬ್‌ಗಳ 2023ರ ಚಾಂಪಿಯನ್ಸ್ ಲೀಗ್ ಫೈನಲ್, ಇಸ್ತಾಂಬುಲ್. ಹಿಂದಕ್ಕೆ ಬಂದ ಪಾಸನ್ನು ಅವನು ಗೋಲ್‌ಕೀಪರ್ ಎಡರ್ಸನ್‌ಗೆಂದು ಬಿಟ್ಟ. ಇಂಟರ್ ತಂಡದ ಲೌಟಾರೊ ಮಾರ್ಟಿನೆಜ್ ಅದನ್ನು ದಕ್ಕಿಸಿಕೊಂಡು ನುಗ್ಗಿದ. ಎಡರ್ಸನ್ ಮೈ ಅಡ್ಡ ಕೊಟ್ಟ, ಅವರಿಬ್ಬರ ತಂಡ ಮ್ಯಾಂಚೆಸ್ಟರ್ ಸಿಟಿ ಬದುಕಿತು. 68ನೇ ನಿಮಿಷದಲ್ಲಿ ಅದೇ ಅಕಾಂಜಿ ತನ್ನ ಜಾಗ ಬಿಟ್ಟು ಚೆಂಡಿನೊಂದಿಗೆ ಮುಂದೆ ಬಂದು, ಬರ್ನಾರ್ಡೊ ಸಿಲ್ವಾಗೆ ಪಾಸ್ ಕೊಟ್ಟ. ಸಿಲ್ವಾ ಹಿಂದಕ್ಕೆ ತಳ್ಳಿದ ಚೆಂಡನ್ನು ರೋಡ್ರಿ ಒದ್ದ. 1-0. ಆ ರಾತ್ರಿ ನಾನು ನೋಡಿದ್ದು ರೋಡ್ರಿಯನ್ನು ಮಾತ್ರ. "ಅಪ್ಪಾ, ಪಾಸ್ ಎಲ್ಲಿಂದ ಬಂತು ನೋಡಿದೆಯಾ?" ಎಂದು ಕೇಳಿದವಳು ನೀನು.

ನಾವು ಸೈಕಲ್‌ನಲ್ಲಿ ಹೋಗಿಬರುವ ವೀಸೆಂಡಾಂಗೆನ್ ಹಳ್ಳಿಯ ಹುಡುಗ ಅಕಾಂಜಿ. ಆಡಿದ್ದು ನಮ್ಮ ಶ್ಯೂಟ್ಸೆನ್‌ವೀಸೆಯಲ್ಲೇ. ಮಕ್ಕಳ ಗ್ಯಾಲರಿಯಲ್ಲಿ ನೀನು ಶರಬತ್ತು ಚೆಲ್ಲಿಕೊಂಡ ಅದೇ ಕ್ರೀಡಾಂಗಣ. 2015ರಲ್ಲಿ ಬಾಸೆಲ್ ಕ್ಲಬ್, ಮರುವರ್ಷ ಮೊಣಕಾಲಿಗೆ ಪೆಟ್ಟು, ತಿಂಗಳುಗಟ್ಟಲೆ ಆಟವಿಲ್ಲ. 2018ರಲ್ಲಿ ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್. ಅಲ್ಲಿ ಒಪ್ಪಂದ ಮುಂದುವರಿಸಲು ಒಪ್ಪದ ಮೇಲೆ 2022ರ ಬೇಸಿಗೆಯಲ್ಲಿ ತಂಡದಿಂದಲೇ ಹೊರಗೆ. ಸೆಪ್ಟೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಕರೆಯಿತು. ಅವನ ಅಕ್ಕ ಸಾರಾ ನಮ್ಮ ವಿಂಟರ್‌ಥೂರ್‌ನ ಮಹಿಳಾ ತಂಡ ಕಟ್ಟಲು ಓಡಾಡಿ ಅದರ ನಾಯಕಿಯಾದಳು, 2019ರಲ್ಲಿ ಜ್ಯೂರಿಚ್ ಪ್ರಾಂತ್ಯದ ಶಾಸನಸಭೆಗೂ ಆರಿಸಿ ಬಂದಳು. ನನಗೆ ಕೇಳಿದರೆ ಆ ಮನೆಯಲ್ಲಿ ಹೆಚ್ಚು ಗಟ್ಟಿಗಿತ್ತಿ ಅವಳೇ.

ಇನ್ನು ಪೆನಾಲ್ಟಿಯ ವಿಷಯ. 2021ರ ಯೂರೊ ಕಪ್‌ನಲ್ಲಿ ಸ್ಪೇನ್ ವಿರುದ್ಧದ ಪೆನಾಲ್ಟಿ ಶೂಟೌಟ್‌ನಲ್ಲಿ ಅಕಾಂಜಿಯ ಹೊಡೆತವನ್ನು ತಡೆದರು. ಮೂರು ವರ್ಷದ ನಂತರ ಡುಸೆಲ್‌ಡಾರ್ಫ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಶೂಟೌಟ್‌ನಲ್ಲಿ ಸ್ವಿಸ್ ತಂಡದ ಮೊದಲ ಪೆನಾಲ್ಟಿಗೆ ಹೆಜ್ಜೆ ಹಾಕಿದವನೂ ಅವನೇ. ಇಂಗ್ಲೆಂಡ್ ಗೋಲ್‌ಕೀಪರ್ ಪಿಕ್‌ಫೋರ್ಡ್‌ನ ನೀರಿನ ಬಾಟಲಿಯ ಮೇಲೆ ಅಕಾಂಜಿಯ ಹೆಸರಿನ ಮುಂದೆ ಎಡಕ್ಕೆ ಹಾರಬೇಕೆಂದು ಬರೆದಿತ್ತು. ಪಿಕ್‌ಫೋರ್ಡ್ ಹಾಗೆಯೇ ಹಾರಿದ, ಚೆಂಡು ಸಿಕ್ಕಿತು. ನೀನು ಊಟ ಬಿಟ್ಟು ಮಲಗಿದೆ. ಸೋಮವಾರ ಅಕಾಂಜಿಯ ಹೆಸರಿನ ಅಂಗಿಯನ್ನೇ ತೊಟ್ಟು ಶಾಲೆಗೆ ಹೊರಟೆ. ಯಾಕೆಂದು ಅಂದು ನಾನು ಕೇಳಲಿಲ್ಲ.

ಇಷ್ಟು ದಿನ ನಾನು ಎದುರು ತಂಡದ ಗೋಲಿನ ಹಿಂದೆ ನಿಲ್ಲುತ್ತಿದ್ದೆ. ಅಲ್ಲಿಂದ ನೀನು ಕಾಣುವುದು ಬೆರಳಿನಷ್ಟು. ಈ ಶನಿವಾರ ನಿಮ್ಮ ಗೋಲಿನ ಹಿಂದೆ ನಿಲ್ಲೋಣವೆಂದಿದ್ದೇನೆ. ಮುಜುಗರವಾಗುವುದಾದರೆ ಹೇಳು, ಬೇಲಿಯ ಆಚೆಯ ಮರದ ಹತ್ತಿರ ನಿಲ್ಲುತ್ತೇನೆ. ಬಾಯಿ ಬಿಡುವುದಿಲ್ಲ.

ನಿನ್ನ
ಅಪ್ಪ